ಗಾಳಿಯಂತ್ರದಿಂದ ಜಾಸ್ತಿ ವಿದ್ಯುತ್: ಯಾವ ಕಂಟ್ರೋಲ್ ವಿಧಾನ ಯಾವ ಯಂತ್ರಕ್ಕೆ?

ಮೊದಲೇ ಹೇಳಿಬಿಡುತ್ತೇನೆ. "ಎಲ್ಲಕ್ಕಿಂತ ಒಳ್ಳೆಯ ಕಂಟ್ರೋಲ್ ವಿಧಾನ ಯಾವುದು" ಅಂತ ಕೇಳಿದರೆ ಅದಕ್ಕೆ ಒಂದೇ ಉತ್ತರ ಇಲ್ಲ. ರೋಟರ್ (ತಿರುಗುವ ರೆಕ್ಕೆಗಳ ಚಕ್ರ) ಎಷ್ಟು ಭಾರ, ಗಾಳಿಯ ವೇಗವನ್ನು ನಂಬುವ ಹಾಗೆ ಅಳೆಯಲು ಆಗುತ್ತದೋ ಇಲ್ಲವೋ, ನಿಮ್ಮ ವಿದ್ಯುತ್ ನಿಜವಾಗಿ ಎಲ್ಲಿ ಸೋರಿ ಹೋಗುತ್ತಿದೆ, ಈ ಮೂರು ವಿಷಯ ಗೊತ್ತಾದರೆ ಆಯ್ಕೆ ಅರ್ಧ ಮುಗಿದ ಹಾಗೆ. ಇವು ಗೊತ್ತಿಲ್ಲದೆ ಸುಮ್ನೆ ಹೊಸ ಅಲ್ಗಾರಿದಮ್ ಹಾಕಿದರೆ ಸಿಮ್ಯುಲೇಶನ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ಮೀಟರ್‌ನಲ್ಲಿ ಏನೂ ಕಾಣುವುದಿಲ್ಲ.

ಗಾಳಿಯಿಂದ ಸಿಗುವ ಪವರ್ ಮೂರು ಸಂಗತಿಗಳ ಮೇಲೆ ನಿಂತಿದೆ: ಗಾಳಿಯ ಸಾಂದ್ರತೆ, ರೋಟರ್ ಗುಡಿಸುವ ವಿಸ್ತಾರ, ಮತ್ತು ಗಾಳಿಯ ವೇಗದ ಘನ. ವೇಗ ಎರಡು ಪಟ್ಟಾದರೆ ಪವರ್ ಎಂಟು ಪಟ್ಟು. ಅದರಲ್ಲಿ ಎಷ್ಟು ಪಾಲನ್ನು ರೆಕ್ಕೆಗಳು ಹಿಡಿಯುತ್ತವೆ ಅನ್ನುವುದೇ ಪವರ್ ಕೋಎಫಿಷಿಯೆಂಟ್, ಎಲ್ಲರೂ ಸಿಪಿ ಅನ್ನುತ್ತಾರೆ. ಇದಕ್ಕೆ ಬೆಟ್ಜ್ ಮಿತಿ ಅಂತ ಒಂದು ಗೋಡೆ ಇದೆ, ಶೇ. 59.3. ಯಾವ ಕಂಟ್ರೋಲರ್ ತಂದರೂ ಅದನ್ನು ದಾಟಲು ಆಗುವುದಿಲ್ಲ. ಸಿಪಿ ಎರಡು ವಿಷಯಕ್ಕೆ ಬದಲಾಗುತ್ತದೆ. ಒಂದು ರೆಕ್ಕೆಯ ಪಿಚ್ ಕೋನ, ಅಂದರೆ ರೆಕ್ಕೆ ತನ್ನದೇ ಅಕ್ಷದ ಸುತ್ತ ಎಷ್ಟು ತಿರುಗಿದೆ ಅನ್ನುವುದು. ಇನ್ನೊಂದು ತುದಿವೇಗದ ಅನುಪಾತ, ಅಂದರೆ ರೆಕ್ಕೆಯ ತುದಿ ಓಡುವ ವೇಗವನ್ನು ಗಾಳಿಯ ವೇಗದಿಂದ ಭಾಗಿಸಿದಾಗ ಬರುವ ಸಂಖ್ಯೆ. ಮೂರು ರೆಕ್ಕೆಯ ದೊಡ್ಡ ಯಂತ್ರಗಳಲ್ಲಿ ಇದು 7ರಿಂದ 9ರ ಆಸುಪಾಸಿನಲ್ಲಿದ್ದಾಗ ಸಿಪಿ ಗರಿಷ್ಠ. ಗಾಳಿ ಏರಿಳಿದಾಗ ರೋಟರ್ ವೇಗವನ್ನೂ ಏರಿಳಿಸಿ ಈ ಸಂಖ್ಯೆಯನ್ನು ಕಾಪಾಡಿಕೊಳ್ಳುವುದೇ ಎಂಪಿಪಿಟಿ (ಮ್ಯಾಕ್ಸಿಮಮ್ ಪವರ್ ಪಾಯಿಂಟ್ ಟ್ರ್ಯಾಕಿಂಗ್) ಅಂತ ಕರೆಯುವ ಇಡೀ ಕೆಲಸ.

ಮೊದಲು ಸೋರುವ ಜಾಗ ನೋಡಿ

ಇಲ್ಲಿ ಒಂದು ಲೆಕ್ಕ ಮಾಡಿ ನೋಡುವುದು ಒಳ್ಳೆಯದು, ಯಾಕೆಂದರೆ ಬಹಳ ಜನ ಇದನ್ನು ಬಿಟ್ಟೇ ಮುಂದೆ ಹೋಗುತ್ತಾರೆ. ಅಮೆರಿಕದ ಎನ್‌ಆರ್‌ಇಎಲ್ ಪ್ರಯೋಗಾಲಯ 2009ರಲ್ಲಿ 5 ಮೆಗಾವ್ಯಾಟ್‌ನ ಒಂದು ಮಾದರಿ ಟರ್ಬೈನ್‌ನ ವಿವರಗಳನ್ನು ಪ್ರಕಟಿಸಿತು. ಅದನ್ನು ಯಾರೂ ಕಟ್ಟಿಲ್ಲ, ಆದರೆ ಸಂಶೋಧನೆ ಮಾಡುವವರಲ್ಲಿ ಬಹಳ ಜನ ಇವತ್ತಿಗೂ ಅದನ್ನು ಬಳಸುತ್ತಾರೆ. ರೋಟರ್ ವ್ಯಾಸ 126 ಮೀಟರ್. 3 ಮೀ/ಸೆ ಗಾಳಿಗೆ ಶುರು, 11.4 ಮೀ/ಸೆಗೆ ಪೂರ್ಣ ಪವರ್, 25ಕ್ಕೆ ಬಂದ್. ಗರಿಷ್ಠ ಸಿಪಿ 0.482, ಅದು ಸಿಗುವುದು ತುದಿವೇಗದ ಅನುಪಾತ 7.55 ಇದ್ದಾಗ.

11.4ರ ಮೇಲೆ ಗಾಳಿ ಬೇಕಾದಷ್ಟಿದೆ, ಅಲ್ಲಿ ಕೆಲಸ ಹಿಡಿಯುವುದಲ್ಲ, ಬಿಡುವುದು. ಪಿಚ್ ತಿರುಗಿಸಿ ಹೆಚ್ಚಾದದ್ದನ್ನು ಚೆಲ್ಲಬೇಕು. ಹಾಗಾಗಿ ಎಂಪಿಪಿಟಿಗೆ ಅಲ್ಲಿ ಕೆಲಸವೇ ಇಲ್ಲ. ಸರಿ, ಕೆಳಗೆ 3ರಿಂದ 11.4ರವರೆಗೆ ಪೂರ್ತಿ ಅದರದ್ದೇ ರಾಜ್ಯ ಅಂದುಕೊಂಡರೆ ಅದೂ ಅಲ್ಲ. ರೋಟರ್‌ನ ಗರಿಷ್ಠ ವೇಗ 12.1 ಆರ್‌ಪಿಎಂ, ಅಂದರೆ ರೆಕ್ಕೆಯ ತುದಿ ಸುಮಾರು 80 ಮೀ/ಸೆ ವೇಗದಲ್ಲಿ ಓಡುತ್ತದೆ. 80ನ್ನು 7.55ರಿಂದ ಭಾಗಿಸಿ, ಸುಮಾರು 10.6 ಬರುತ್ತದೆ. ಗಾಳಿ ಇದನ್ನು ದಾಟಿತು ಅಂದರೆ ರೋಟರ್ ಇನ್ನೂ ಜೋರಾಗಿ ತಿರುಗಬೇಕು, ಆದರೆ ತಿರುಗುವ ಹಾಗಿಲ್ಲ. ಕೆಳಗಡೆಯೂ ಅಷ್ಟೇ, ಜನರೇಟರ್ ಒಂದು ಕನಿಷ್ಠ ವೇಗಕ್ಕಿಂತ ಕೆಳಗೆ ಕೆಲಸ ಮಾಡುವುದಿಲ್ಲ, ಅಲ್ಲಿಂದ ನಿಧಾನವಾಗಿ ಟಾರ್ಕ್ (ಶಾಫ್ಟ್ ಮೇಲೆ ಬೀಳುವ ತಿರುಚುವ ಬಲ) ಏರಿಸುವ ಒಂದು ಮಧ್ಯದ ಹಂತ ಬೇರೆ ಇದೆ. ಎಲ್ಲ ಕಳೆದು ನೋಡಿದರೆ ಈ ಯಂತ್ರದಲ್ಲಿ ಶುದ್ಧವಾಗಿ "ಗರಿಷ್ಠ ಸಿಪಿ ಹಿಡಿ" ಅನ್ನುವ ಆಟ ನಡೆಯುವುದು ಹೆಚ್ಚುಕಡಿಮೆ 8ರಿಂದ 10.5 ಮೀ/ಸೆವರೆಗೆ ಮಾತ್ರ! ನೂರಾರು ಪ್ರಬಂಧಗಳು ಕಿತ್ತಾಡುವುದು ಇಷ್ಟು ಸಣ್ಣ ಜಾಗಕ್ಕಾಗಿ.

ನಿಮ್ಮ ಯಂತ್ರದ ಸಂಖ್ಯೆಗಳು ಬೇರೆ ಇರುತ್ತವೆ, ಈ ಗಾಳಿವೇಗದ ಪಟ್ಟಿ ಇನ್ನೂ ಅಗಲ ಇರಬಹುದು. ಅದಕ್ಕೇ ನಿಮ್ಮ ಯಂತ್ರಕ್ಕೆ ಈ ಲೆಕ್ಕ ನೀವೇ ಮಾಡಿ. ನಿಮ್ಮ ಜಾಗದ ಗಾಳಿ ವರ್ಷದಲ್ಲಿ ಎಷ್ಟು ಗಂಟೆ ಆ ಪಟ್ಟಿಯಲ್ಲಿ ಇರುತ್ತದೆ ನೋಡಿ, ಆಮೇಲೆ ಕೆಳಗಿನದನ್ನು ಓದಿ.

ಟಾರ್ಕ್ ನಿಯಮ: ಹಳೆಯದು, ಸರಳ, ಸೋಲಿಸುವುದು ಕಷ್ಟ

ದೊಡ್ಡ ಯಂತ್ರಗಳಲ್ಲಿ ವರ್ಷಾನುಗಟ್ಟಲೆಯಿಂದ ನಡೆದುಬಂದ ವಿಧಾನ ಇದು. ಜನರೇಟರ್‌ನ ಟಾರ್ಕ್ ಅನ್ನು ರೋಟರ್ ವೇಗದ ವರ್ಗಕ್ಕೆ ತಕ್ಕಂತೆ ಇಡು, ಅಷ್ಟೇ. ನಡುವೆ ಒಂದು ಗುಣಕ, ಅದಕ್ಕೆ ಕೆ ಅನ್ನುತ್ತಾರೆ. ಗಾಳಿಯ ವೇಗ ಅಳೆಯುವುದೇ ಬೇಡ! ಗಾಳಿ ಜೋರಾದರೆ ರೆಕ್ಕೆಗಳು ಕೊಡುವ ಟಾರ್ಕ್ ಜನರೇಟರ್ ಎಳೆಯುವ ಟಾರ್ಕ್‌ಗಿಂತ ಹೆಚ್ಚಾಗುತ್ತದೆ, ರೋಟರ್ ವೇಗ ಹಿಡಿಯುತ್ತದೆ, ಎರಡೂ ಸಮ ಆಗುವ ಬಿಂದುವಿನಲ್ಲಿ ನಿಲ್ಲುತ್ತದೆ, ಕೆ ಸರಿಯಾಗಿದ್ದರೆ ಆ ಬಿಂದು ಗರಿಷ್ಠ ಸಿಪಿಯೇ ಆಗಿರುತ್ತದೆ. ರೋಟರ್ ವೇಗ ಅಳೆಯುವುದು ಸುಲಭ, ಅದು ನಂಬಿಕೆಯ ಸಂಖ್ಯೆ. ಹಾಗಾಗಿ ಈ ವಿಧಾನ ಗಟ್ಟಿ.

ಸಮಸ್ಯೆ ಕೆ ಒಳಗೆ ಅಡಗಿದೆ. ಅದರಲ್ಲಿ ಗಾಳಿಯ ಸಾಂದ್ರತೆ ಇದೆ, ರೋಟರ್ ತ್ರಿಜ್ಯದ ಐದನೇ ಘಾತ ಇದೆ, ಗರಿಷ್ಠ ಸಿಪಿ ಇದೆ, ತುದಿವೇಗದ ಅನುಪಾತದ ಘನ ಇದೆ. ಸಾಂದ್ರತೆಯನ್ನೇ ತಗೊಳ್ಳಿ. ಸಮುದ್ರಮಟ್ಟದಲ್ಲಿ 15 ಡಿಗ್ರಿಗೆ ಪ್ರತಿ ಘನ ಮೀಟರ್‌ಗೆ 1.225 ಕೆಜಿ. 1500 ಮೀಟರ್ ಎತ್ತರಕ್ಕೆ ಹೋದರೆ ಸುಮಾರು 1.06ಕ್ಕೆ ಇಳಿಯುತ್ತದೆ. ಸಮುದ್ರಮಟ್ಟಕ್ಕೆ ಹೊಂದಿಸಿದ ಕೆ ಅನ್ನೇ ಬೆಟ್ಟದ ಮೇಲೆ ಬಿಟ್ಟರೆ ಜನರೇಟರ್ ಬೇಕಿದ್ದದ್ದಕ್ಕಿಂತ ಜಾಸ್ತಿ ಎಳೆಯುತ್ತದೆ, ರೋಟರ್ ನಿಧಾನವಾಗುತ್ತದೆ. ಚಳಿಗೂ ಸೆಕೆಗೂ ಸಾಂದ್ರತೆ ಬದಲಾಗುತ್ತದೆ. ರೆಕ್ಕೆಯ ಮುಂದಿನ ಅಂಚು ಮಳೆ ಧೂಳಿಗೆ ಸವೆದರೆ, ಹುಳ ಅಂಟಿದರೆ, ಮಂಜು ಕಟ್ಟಿದರೆ ಸಿಪಿಯೇ ಬದಲು. ಅಂದರೆ ಕಾರ್ಖಾನೆಯಲ್ಲಿ ಬರೆದ ಕೆ ಐದು ವರ್ಷ ಆದಮೇಲೆ ಸರಿ ಇರಬೇಕು ಅಂತೇನಿಲ್ಲ.

ಆದರೆ ಇಲ್ಲಿ ಗಾಬರಿ ಬೀಳುವ ಮುಂಚೆ ಇನ್ನೊಂದು ಮಾತು. ಕೆ ಶೇ. 10ರಷ್ಟು ತಪ್ಪಿದರೆ ತುದಿವೇಗದ ಅನುಪಾತ ತಪ್ಪುವುದು ಶೇ. 3ರಷ್ಟು ಮಾತ್ರ, ಘನಮೂಲದ ಲೆಕ್ಕ ಅದು. ಸಿಪಿ ವಕ್ರರೇಖೆಯ ನೆತ್ತಿ ಚಪ್ಪಟೆಯಾಗಿದ್ದರೆ ಅಷ್ಟು ಸಣ್ಣ ತಪ್ಪಿಗೆ ನಷ್ಟ ತೀರಾ ಕಮ್ಮಿ. ನೆತ್ತಿ ಚೂಪಾಗಿದ್ದರೆ ಮಾತು ಬೇರೆ. ಇನ್ನೊಂದು, ಎರಡೂ ಕಡೆ ಇಳಿಜಾರು ಒಂದೇ ತರ ಇರುವುದಿಲ್ಲ: ರೋಟರ್ ನಿಧಾನವಾದ ಕಡೆ ರೆಕ್ಕೆ ಸ್ಟಾಲ್ ಆಗುತ್ತದೆ (ಗಾಳಿ ರೆಕ್ಕೆಯ ಮೈ ಬಿಟ್ಟು ಚದುರುತ್ತದೆ, ಎತ್ತುವ ಬಲ ಬಿದ್ದುಹೋಗುತ್ತದೆ), ಆ ಕಡೆ ಸಾಮಾನ್ಯವಾಗಿ ಕಡಿದಾದ ಇಳಿಜಾರು. ಹಾಗಾಗಿ ತಪ್ಪಲೇಬೇಕಾದರೆ ಕೆ ಕಡಿಮೆ ಇರುವ ಕಡೆಗೇ ತಪ್ಪಲಿ, ರೋಟರ್ ಸ್ವಲ್ಪ ಜೋರಾಗಿಯೇ ತಿರುಗಲಿ.

ಇದಕ್ಕೆ ಇನ್ನೊಂದು ಬಲವಾದ ಕಾರಣವೂ ಇದೆ, ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಅದು. ಗಾಳಿ ಒಂದೇ ಸಮನೆ ಬೀಸುವುದಿಲ್ಲ. ಭಾರೀ ರೋಟರ್ ಅದನ್ನು ತಕ್ಷಣ ಹಿಂಬಾಲಿಸುವುದೂ ಇಲ್ಲ. ಮೇಲಿನ 5 ಮೆಗಾವ್ಯಾಟ್ ಮಾದರಿಗೆ ಲೆಕ್ಕ ಹಾಕಿದರೆ ಗಾಳಿ ಬದಲಾದ ಮೇಲೆ ರೋಟರ್ ಹೊಸ ವೇಗಕ್ಕೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ಸೆಕೆಂಡು ಬೇಕು. ಅಷ್ಟರಲ್ಲಿ ಆ ಬೀಸು ಮುಗಿದೇ ಹೋಗಿರುತ್ತದೆ, ಅಲ್ವಾ? ಬೀಸಿನಲ್ಲೇ ಶಕ್ತಿ ಜಾಸ್ತಿ ಇರುವುದು, ಘನದ ಲೆಕ್ಕ ಮರೆಯಬೇಡಿ, 8 ಮೀ/ಸೆ ಗಾಳಿ 10ಕ್ಕೆ ಹೋದರೆ ಪವರ್ ಹೆಚ್ಚುಕಡಿಮೆ ದುಪ್ಪಟ್ಟು. ಆದ್ದರಿಂದ ಗಾಳಿ ಏರುವಾಗ ರೋಟರ್ ಸಿದ್ಧವಾಗಿರುವುದು ಗಾಳಿ ಇಳಿದಾಗ ಸರಿಯಾದ ವೇಗದಲ್ಲಿರುವುದಕ್ಕಿಂತ ಮುಖ್ಯ. ಕೆ ಅನ್ನು ಪುಸ್ತಕದ ಲೆಕ್ಕಕ್ಕಿಂತ ಸ್ವಲ್ಪ ತಗ್ಗಿಸಿದರೆ ರೋಟರ್ ಸುಲಭವಾಗಿ ವೇಗ ಹಿಡಿಯುತ್ತದೆ, ಏರಿಳಿತದ ಗಾಳಿಯಲ್ಲಿ ಒಟ್ಟು ಶಕ್ತಿ ಹೆಚ್ಚುತ್ತದೆ. ಎನ್‌ಆರ್‌ಇಎಲ್‌ನವರು ಎರಡು ರೆಕ್ಕೆಯ 600 ಕಿಲೋವ್ಯಾಟ್ ಪ್ರಯೋಗದ ಟರ್ಬೈನ್ ಒಂದರ ಮೇಲೆ ಈ ದಾರಿಯಲ್ಲಿ ಸಾಕಷ್ಟು ಕೆಲಸ ಮಾಡಿದ್ದಾರೆ. ಕೆ ಅನ್ನು ಯಂತ್ರವೇ ತನಗೆ ತಾನೇ ಹುಡುಕಿಕೊಳ್ಳುವ ಅಡಾಪ್ಟಿವ್ ವಿಧಾನವೂ ಅಲ್ಲೇ ಪರೀಕ್ಷೆಗೆ ಬಂತು: ಕೆ ಅನ್ನು ಚೂರು ಬದಲಿಸು, ಬಹಳ ಹೊತ್ತಿನ ಸರಾಸರಿ ತೆಗೆ, ಹಿಡಿದ ಶಕ್ತಿಯ ಪಾಲು ಹೆಚ್ಚಾಯಿತಾ ನೋಡು, ಹೆಚ್ಚಾದರೆ ಅದೇ ದಿಕ್ಕಿಗೆ ಮತ್ತೆ ಚೂರು. ನಿಧಾನ ನಿಜ, ಆದರೆ ರೆಕ್ಕೆ ಸವೆಯುವುದೂ ನಿಧಾನವೇ.

ಜಡತ್ವವನ್ನೇ ಗೆಲ್ಲಬೇಕು ಅನ್ನುವವರು ಇನ್ನೊಂದು ಹೆಜ್ಜೆ ಹಾಕುತ್ತಾರೆ. ರೋಟರ್ ವೇಗ ಹಿಡಿಯುತ್ತಿದ್ದರೆ ಜನರೇಟರ್ ಟಾರ್ಕ್ ಅನ್ನು ಇನ್ನಷ್ಟು ಸಡಿಲ ಬಿಡುವುದು, ನಿಧಾನವಾಗುತ್ತಿದ್ದರೆ ಇನ್ನಷ್ಟು ಬಿಗಿಯುವುದು. ರೋಟರ್ ಚುರುಕಾಗುತ್ತದೆ, ಆದರೆ ಬೆಲೆ ತೆರುವುದು ಗೇರ್‌ಬಾಕ್ಸ್ ಮತ್ತು ಶಾಫ್ಟ್. ಹೊರಗೆ ಹೋಗುವ ಪವರ್ ಕೂಡ ಕುಣಿಯುತ್ತದೆ. ಅರ್ಧ ಶೇಕಡಾ ಶಕ್ತಿಗಾಗಿ ಗೇರ್‌ಬಾಕ್ಸ್ ಆಯಸ್ಸು ಕಡಿಮೆ ಮಾಡಿಕೊಳ್ಳುವುದು ಬುದ್ಧಿವಂತಿಕೆ ಅಲ್ಲ ಅಂತ ನನ್ನ ಅಭಿಪ್ರಾಯ.

ತುದಿವೇಗದ ಅನುಪಾತವನ್ನೇ ನೇರವಾಗಿ ಹಿಡಿಯುವುದು

ಕಾಗದದ ಮೇಲೆ ಇದು ಎಲ್ಲಕ್ಕಿಂತ ನೇರ. ಗಾಳಿಯ ವೇಗ ಅಳೆ, ಬೇಕಾದ ರೋಟರ್ ವೇಗ ಲೆಕ್ಕ ಹಾಕು, ಆ ವೇಗಕ್ಕೆ ತಂದು ನಿಲ್ಲಿಸುವ ಪಿಐ ಕಂಟ್ರೋಲರ್‌ಗೆ ಕೊಡು. ಮೇಲೆ ಹೇಳಿದ ನಿಧಾನದ ತೊಂದರೆಯೂ ಕಡಿಮೆ. ಸಿಕ್ಕಿಹಾಕಿಕೊಳ್ಳುವುದು "ಗಾಳಿಯ ವೇಗ ಅಳೆ" ಅನ್ನುವಲ್ಲಿ. ಗಾಳಿಯ ವೇಗ ಅಳೆಯುವ ಅನಿಮೋಮೀಟರ್ ಇರುವುದು ನಸೆಲ್‌ನ (ಟವರ್ ತುದಿಯಲ್ಲಿ ಜನರೇಟರ್ ಇರುವ ಪೆಟ್ಟಿಗೆ) ಮೇಲೆ, ರೋಟರ್‌ನ ಹಿಂದೆ. ರೆಕ್ಕೆಗಳು ಕಲಕಿ ಬಿಟ್ಟ ಗಾಳಿಯನ್ನು ಒಂದೇ ಒಂದು ಬಿಂದುವಿನಲ್ಲಿ ಅಳೆದು ಅದೇ 126 ಮೀಟರ್ ಅಗಲದ ವೃತ್ತದ ವೇಗ ಅಂತ ಹೇಳುತ್ತೀರಾ? ಆ ಸಂಖ್ಯೆಯನ್ನು ಸೆಕೆಂಡು ಸೆಕೆಂಡಿಗೆ ನಂಬಿ ಟಾರ್ಕ್ ಬದಲಿಸಿದರೆ ಯಂತ್ರ ಸುಮ್ಮನೆ ನಡುಗುತ್ತದೆ.

ಹಾಗಾಗಿ ಈಗ ನಡೆಯುವುದು ಅಂದಾಜಿನ ದಾರಿ. ರೋಟರ್ ವೇಗ, ಜನರೇಟರ್ ಟಾರ್ಕ್, ಪಿಚ್ ಕೋನ, ಈ ಮೂರೂ ಗೊತ್ತಿವೆ. ಯಾವ ಅನುಪಾತ, ಯಾವ ಪಿಚ್‌ಗೆ ಎಷ್ಟು ಸಿಪಿ ಅನ್ನುವ ಕೋಷ್ಟಕವೂ ಇದೆ. ಇವುಗಳಿಂದ ಇಡೀ ರೋಟರ್‌ಗೆ ತಾಗುತ್ತಿರುವ ಗಾಳಿಯ ವೇಗವನ್ನು ಕಾಲ್ಮನ್ ಫಿಲ್ಟರ್‌ನಂಥ ಉಪಾಯದಿಂದ ಹಿಂದಕ್ಕೆ ಲೆಕ್ಕ ಹಾಕಬಹುದು. ರೋಟರನ್ನೇ ಅನಿಮೋಮೀಟರ್ ಮಾಡಿಕೊಂಡ ಹಾಗೆ. ಇದನ್ನು ಕೈಯಾರೆ ಬರೆಯುವ ಅಗತ್ಯವೂ ಇಲ್ಲ. ರೋಸ್ಕೊ ಅನ್ನುವ ಓಪನ್ ಸೋರ್ಸ್ ಕಂಟ್ರೋಲರ್‌ನಲ್ಲಿ ಟಾರ್ಕ್ ನಿಯಮ, ತುದಿವೇಗದ ಅನುಪಾತ ಎರಡೂ ಆಯ್ಕೆಗಳಿವೆ, ಒಂದು ಸೆಟ್ಟಿಂಗ್ ಬದಲಿಸಿ ಓಪನ್‌ಫಾಸ್ಟ್ ಸಿಮ್ಯುಲೇಟರ್‌ನಲ್ಲಿ ಓಡಿಸಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ತೋಚುವುದಿಲ್ಲ.

ಒಂದು ಎಚ್ಚರಿಕೆ. ಅಂದಾಜು ಮಾಡುವವನೂ ಅದೇ ಸಿಪಿ ಕೋಷ್ಟಕವನ್ನೇ ನಂಬಿರುತ್ತಾನೆ. ರೆಕ್ಕೆ ಸವೆದು ಕೋಷ್ಟಕ ಸುಳ್ಳಾದರೆ ಗಾಳಿಯ ಅಂದಾಜೂ ಸುಳ್ಳಾಗುತ್ತದೆ, ಕಂಟ್ರೋಲರ್ ಮಾತ್ರ "ಅನುಪಾತ 7.55ರಲ್ಲೇ ಇದೆ" ಅಂತ ನೆಮ್ಮದಿಯಾಗಿ ವರದಿ ಮಾಡುತ್ತಾ ಇರುತ್ತದೆ. ಅಂದರೆ ಟಾರ್ಕ್ ನಿಯಮದಲ್ಲಿದ್ದ ರೋಗ ಇಲ್ಲಿ ವಾಸಿಯಾಗಿಲ್ಲ, ಮರೆಯಾಗಿದೆ ಅಷ್ಟೇ. ಇದರಿಂದ ನಿಜವಾಗಿ ಸಿಗುವ ಲಾಭ ಬೇರೆ: ಎಷ್ಟು ಚುರುಕಾಗಿ ಹಿಂಬಾಲಿಸಬೇಕು ಅನ್ನುವುದನ್ನು ನೀವೇ ತೀರ್ಮಾನಿಸಬಹುದು, ಕಂಪನ ತರುವ ವೇಗಗಳನ್ನು ದಾಟಿಸಬಹುದು, ಪೂರ್ಣ ಪವರ್‌ನ ಹತ್ತಿರ ಟಾರ್ಕ್‌ನಿಂದ ಪಿಚ್‌ಗೆ ಹೋಗುವ ದಾಟು ನುಣುಪಾಗುತ್ತದೆ.

ಗುಡ್ಡ ಹತ್ತುವ ವಿಧಾನ

ಇದು ಸೋಲಾರ್‌ನಿಂದ ಬಂದವರಿಗೆ ಚಿರಪರಿಚಿತ. ರೋಟರ್ ವೇಗವನ್ನು ಸ್ವಲ್ಪ ಬದಲಿಸು, ಪವರ್ ಏರಿತಾ? ಅದೇ ದಿಕ್ಕು. ಇಳಿಯಿತಾ? ತಿರುಗು. ಸಿಪಿ ಕೋಷ್ಟಕ ಬೇಡ, ಅನಿಮೋಮೀಟರ್ ಬೇಡ, ಸಾಂದ್ರತೆ ಬೇಡ. ಕಣ್ಣು ಕಟ್ಟಿಕೊಂಡು ಕಾಲಿನಲ್ಲಿ ತಡವುತ್ತಾ ಗುಡ್ಡ ಹತ್ತಿದ ಹಾಗೆ. ಆದರೆ ಇಲ್ಲಿ ಗುಡ್ಡವೇ ಕಾಲ ಕೆಳಗೆ ಅಲುಗಾಡುತ್ತಿರುತ್ತದೆ. ಪವರ್ ಏರಿದ್ದು ನೀವು ವೇಗ ಬದಲಿಸಿದ್ದಕ್ಕೋ, ಗಾಳಿಯೇ ಜೋರಾದದ್ದಕ್ಕೋ? ವಿಧಾನಕ್ಕೆ ಗೊತ್ತಾಗುವುದಿಲ್ಲ. ಬಿಸಿಲು ನಿಮಿಷಗಟ್ಟಲೆ ಸಮ ಇರುತ್ತದೆ, ಗಾಳಿ ಸೆಕೆಂಡುಗಟ್ಟಲೆಯೂ ಇರುವುದಿಲ್ಲ.

ಇನ್ನೊಂದು ಮೋಸ ಜಡತ್ವದ್ದು. ರೋಟರನ್ನು ನಿಧಾನ ಮಾಡಿದಾಗ ಅದರಲ್ಲಿ ಕೂಡಿಟ್ಟ ಶಕ್ತಿಯೂ ಹೊರಬರುತ್ತದೆ, ಮೀಟರ್‌ನಲ್ಲಿ ಪವರ್ ಏರಿದ ಹಾಗೆ ಕಾಣುತ್ತದೆ, ಅದು ಗಾಳಿಯಿಂದ ಬಂದದ್ದಲ್ಲ. ಆ ಸುಳ್ಳು ಏರಿಕೆಯನ್ನು ನಂಬಿ ಮತ್ತೆ ನಿಧಾನ, ಮತ್ತೆ ನಿಧಾನ, ಕೊನೆಗೆ ಸ್ಟಾಲ್. ಹಾಗಾಗಿ ದೊಡ್ಡ ಯಂತ್ರಕ್ಕೆ ಇದನ್ನು ಸೆಕೆಂಡಿನ ಲೆಕ್ಕದಲ್ಲಿ ಹಾಕುವುದು ಬೇಡ, ಖಂಡಿತ ಬೇಡ. ಕೆಲವು ಕಿಲೋವ್ಯಾಟ್‌ನ ಹಗುರ ರೋಟರ್‌ಗೆ ಪರವಾಗಿಲ್ಲ, ಅದೂ ಹೆಜ್ಜೆಯ ಅಳತೆ ಮತ್ತು ಕಾಯುವ ಹೊತ್ತನ್ನು ರೋಟರ್ ತೂಕಕ್ಕೆ ಹೊಂದಿಸಿಕೊಂಡರೆ.

ಇದರದ್ದೇ ಸುಧಾರಿಸಿದ ರೂಪ ಎಕ್ಸ್‌ಟ್ರೀಮಮ್ ಸೀಕಿಂಗ್. ಕೆ ಅಥವಾ ಪಿಚ್ ಕೋನವನ್ನು ಗೊತ್ತಾದ ಲಯದಲ್ಲಿ ಸಣ್ಣಗೆ ತೂಗಿಸುತ್ತಾ, ಅದೇ ಲಯ ಪವರ್‌ನಲ್ಲಿ ಯಾವ ದಿಕ್ಕಿಗೆ ಕಾಣುತ್ತದೆ ಅಂತ ಹುಡುಕುವುದು. ಗಾಳಿಯ ಗದ್ದಲದ ನಡುವೆಯೂ ತನ್ನ ಲಯವನ್ನು ಗುರುತಿಸುತ್ತದೆ, ಅದು ಜಾಣತನ. ಪವರ್ ಬದಲು ಪವರ್‌ನ ಲಾಗರಿದಮ್ ಬಳಸಿದರೆ ಗಾಳಿ ಜೋರಿದ್ದಾಗಲೂ ಮೆಲ್ಲಗಿದ್ದಾಗಲೂ ಅಷ್ಟೇ ವೇಗದಲ್ಲಿ ಕಲಿಯುತ್ತದೆ. ದೊಡ್ಡ ಯಂತ್ರದಲ್ಲಿ ಕೆ ಅನ್ನೂ ಪಿಚ್‌ನ ಕನಿಷ್ಠ ಕೋನವನ್ನೂ ನಿಧಾನಕ್ಕೆ ತಿದ್ದುವ ಕೆಲಸಕ್ಕೆ ಇದು ಸರಿಯಾದ ಆಳು. ಸೆಕೆಂಡಿನ ಕೆಲಸ ಟಾರ್ಕ್ ನಿಯಮ ಮಾಡಲಿ, ಗಂಟೆಯ ಕೆಲಸ ಇದು ಮಾಡಲಿ.

ಸಣ್ಣ ಯಂತ್ರದವರಿಗೆ

ಒಂದರಿಂದ ಐದು ಕಿಲೋವ್ಯಾಟ್, ಪರ್ಮನೆಂಟ್ ಮ್ಯಾಗ್ನೆಟ್ ಜನರೇಟರ್, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್, ಅದರ ಮುಂದೆ ಬ್ಯಾಟರಿ ಅಥವಾ ಇನ್ವರ್ಟರ್. ನೇರವಾಗಿ ಬ್ಯಾಟರಿಗೆ ಕಟ್ಟಿದರೆ ಬ್ಯಾಟರಿಯ ವೋಲ್ಟೇಜ್ ರೋಟರನ್ನು ಹೆಚ್ಚುಕಡಿಮೆ ಒಂದೇ ವೇಗಕ್ಕೆ ಕಟ್ಟಿಹಾಕುತ್ತದೆ. ಮೆಲ್ಲಗಿನ ಗಾಳಿಗೆ ಚಾರ್ಜ್ ಶುರುವೇ ಆಗುವುದಿಲ್ಲ, ಜೋರು ಗಾಳಿಗೆ ರೆಕ್ಕೆ ಸ್ಟಾಲ್. ನಡುವೆ ವೋಲ್ಟೇಜ್ ಬದಲಿಸುವ ಒಂದು ಕನ್ವರ್ಟರ್ ಹಾಕಿದರೆ ಸಿಗುವ ಲಾಭ ದೊಡ್ಡ ಯಂತ್ರದವರು ಕನಸಿನಲ್ಲೂ ಕಾಣದಷ್ಟು.

ಅದರಲ್ಲಿ ಯಾವ ವಿಧಾನ? ಕೋಷ್ಟಕದ್ದೇ. ಡಿಸಿ ವೋಲ್ಟೇಜ್ ರೋಟರ್ ವೇಗಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ "ಇಷ್ಟು ವೋಲ್ಟೇಜ್‌ಗೆ ಇಷ್ಟು ಪವರ್ ಎಳೆ" ಅಂತ ಹತ್ತು ಹದಿನೈದು ಬಿಂದುಗಳ ಟೇಬಲ್ ತುಂಬಿದರೆ ಸಾಕು. ಟರ್ಬೈನ್ ತಯಾರಕರು ಟೇಬಲ್ ಕೊಟ್ಟರೆ ಅಲ್ಲಿಂದ ಶುರು ಮಾಡಿ, ಮಧ್ಯದ ಬಿಂದುಗಳನ್ನು ಚೂರು ಚೂರು ತಗ್ಗಿಸಿ ಏರಿಸಿ ನೋಡಿ. ಗುಡ್ಡ ಹತ್ತುವ ವಿಧಾನಕ್ಕಿಂತ ಇದು ಶಾಂತ, ತಪ್ಪು ಮಾಡಿದರೂ ಯಾವಾಗಲೂ ಒಂದೇ ತಪ್ಪು ಮಾಡುತ್ತದೆ, ಹಾಗಾಗಿ ಹಿಡಿಯುವುದು ಸುಲಭ.

ಸೋಲಾರ್ ಎಂಪಿಪಿಟಿ ಚಾರ್ಜರ್ ಅನ್ನು ಗಾಳಿಯಂತ್ರಕ್ಕೆ ಕಟ್ಟುವ ಆಸೆ ಬರುತ್ತದೆ, ಅಗ್ಗ ನೋಡಿ. ಬೇಡ. ಅದು ಬ್ಯಾಟರಿ ತುಂಬಿದ ಕೂಡಲೇ ಲೋಡ್ ತೆಗೆದುಬಿಡುತ್ತದೆ. ಸೋಲಾರ್ ಪ್ಯಾನೆಲ್‌ಗೆ ಲೋಡ್ ತೆಗೆದರೆ ಏನೂ ಆಗುವುದಿಲ್ಲ, ರೋಟರ್‌ಗೆ ಲೋಡ್ ತೆಗೆದರೆ ಅದು ವೇಗ ಹಿಡಿದು ಓಡುತ್ತದೆ, ವೋಲ್ಟೇಜ್ ಚಾರ್ಜರ್‌ನ ಮಿತಿ ದಾಟುತ್ತದೆ, ಆಮೇಲೆ ರೆಕ್ಕೆ ಉಳಿಯುತ್ತದೋ ಚಾರ್ಜರ್ ಉಳಿಯುತ್ತದೋ ಹೇಳಲು ಆಗುವುದಿಲ್ಲ. ಗಾಳಿಗೆ ಅಂತಲೇ ಮಾಡಿದ ಕಂಟ್ರೋಲರ್, ಮತ್ತು ಹೆಚ್ಚಾದ ಪವರ್ ಸುಡಲು ಡಂಪ್ ಲೋಡ್, ಇವೆರಡೂ ಇಲ್ಲದೆ ಎಂಪಿಪಿಟಿಯ ಮಾತೇ ಬೇಡ.

ಹೆಸರು ದೊಡ್ಡ ವಿಧಾನಗಳು

ಫಝಿ ಲಾಜಿಕ್, ನ್ಯೂರಲ್ ನೆಟ್‌ವರ್ಕ್, ಸ್ಲೈಡಿಂಗ್ ಮೋಡ್, ಮಾಡೆಲ್ ಪ್ರಿಡಿಕ್ಟಿವ್ ಕಂಟ್ರೋಲ್. ಇವುಗಳ ಮೇಲೆ ಪ್ರಬಂಧಗಳು ರಾಶಿ ಇವೆ. ಜನರೇಟರ್‌ನ ಕರೆಂಟ್ ಲೂಪ್‌ನ ಒಳಗೆ ಸ್ಲೈಡಿಂಗ್ ಮೋಡ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದು ಮಿಲಿಸೆಕೆಂಡಿನ ಲೋಕ, ಹಿಡಿಯುವ ಶಕ್ತಿಗೂ ಅದಕ್ಕೂ ಸಂಬಂಧ ಕಡಿಮೆ. ಮಾಡೆಲ್ ಪ್ರಿಡಿಕ್ಟಿವ್ ಕಂಟ್ರೋಲ್ ಶಕ್ತಿ ಮತ್ತು ಒತ್ತಡ ಎರಡನ್ನೂ ಒಟ್ಟಿಗೆ ತೂಗುತ್ತದೆ, ಮುಂದೆ ಬರುವ ಗಾಳಿಯನ್ನು ಲೈಡಾರ್‌ನಿಂದ (ಲೇಸರ್ ಬಿಟ್ಟು ದೂರದ ಗಾಳಿ ಅಳೆಯುವ ಸಾಧನ) ನೋಡಿ ಕೊಟ್ಟರೆ ಇನ್ನೂ ಚೆನ್ನಾಗಿ. ಆದರೂ ಪೂರ್ಣ ಪವರ್‌ಗಿಂತ ಕೆಳಗೆ ಲೈಡಾರ್ ಇಟ್ಟು ರೋಟರ್ ವೇಗ ಹಿಂಬಾಲಿಸುವುದರಿಂದ ಶಕ್ತಿ ಜಾಸ್ತಿ ಸಿಗುವುದು ಅತ್ಯಲ್ಪ. ಅದರ ಬೆಲೆ ಗೊತ್ತಾಗುವುದು ಜೋರು ಗಾಳಿಯಲ್ಲಿ ಟವರ್ ಮತ್ತು ರೆಕ್ಕೆಗಳ ಒತ್ತಡ ಇಳಿಸುವುದರಲ್ಲಿ.

ಈ ಪ್ರಬಂಧಗಳನ್ನು ಓದುವಾಗ ಎರಡು ವಿಷಯ ನೋಡಿ. ಗಾಳಿಯನ್ನು ಮೆಟ್ಟಿಲಿನ ಹಾಗೆ ಏರಿಸಿದ್ದಾರೋ, ನಿಜವಾದ ಏರಿಳಿತ ಇದೆಯೋ. ಮತ್ತೆ, ಹೋಲಿಕೆಗೆ ಇಟ್ಟ ಹಳೆಯ ವಿಧಾನವನ್ನು ಸರಿಯಾಗಿ ಹೊಂದಿಸಿದ್ದಾರೋ, ಇಲ್ಲ ಬೇಕಂತಲೇ ಕುಂಟು ಕುದುರೆಯನ್ನು ಪಕ್ಕದಲ್ಲಿ ಓಡಿಸಿದ್ದಾರೋ.

ಪಿಚ್ ಬಗ್ಗೆ ಸ್ವಲ್ಪವೇ. ರೆಕ್ಕೆಗಳನ್ನು ಒಂದೊಂದಾಗಿ ಬೇರೆ ಬೇರೆ ತಿರುಗಿಸುವ ವಿಧಾನ ಒತ್ತಡ ಇಳಿಸಲು, ಶಕ್ತಿ ಹೆಚ್ಚಿಸಲು ಅಲ್ಲ. ಆದರೆ ಮೇಲೆ ಹೇಳಿದ ಕನಿಷ್ಠ ವೇಗ ಮತ್ತು ಗರಿಷ್ಠ ವೇಗದ ಪಟ್ಟಿಗಳಲ್ಲಿ, ತುದಿವೇಗದ ಅನುಪಾತ ಸರಿ ಇರಲು ಸಾಧ್ಯವೇ ಇಲ್ಲದಿರುವಾಗ, ಆ ಅನುಪಾತಕ್ಕೆ ಒಳ್ಳೆಯದಾದ ಪಿಚ್ ಕೋನ ಬೇರೆಯೇ ಇರುತ್ತದೆ. ಬಹಳ ಕಡೆ ಅಲ್ಲೂ ಸುಮ್ನೆ ಸೊನ್ನೆ ಡಿಗ್ರಿ ಬಿಟ್ಟಿರುತ್ತಾರೆ. ಒಂದು ಕೋಷ್ಟಕ ಹಾಕಿದರೆ ಮುಗಿಯಿತು, ಹೊಸ ಸೆನ್ಸರ್ ಏನೂ ಬೇಡ.

ಮುಖ ಗಾಳಿಯ ಕಡೆ ಇದೆಯಾ?

ಇಷ್ಟೆಲ್ಲ ಓದಿ ಬಂದವರಿಗೆ ನಾನು ಮೊದಲು ಕೇಳುವುದು ಇದನ್ನೇ. ಯಾ ಕಂಟ್ರೋಲ್, ಅಂದರೆ ನಸೆಲ್ ಅನ್ನು ಗಾಳಿಯ ಕಡೆ ತಿರುಗಿಸಿ ಇಡುವುದು, ಎಲ್ಲರಿಗೂ ಬೋರು. ಆದರೆ ಹಣ ಅಲ್ಲಿದೆ. ರೋಟರ್ ಗಾಳಿಗೆ ಓರೆಯಾಗಿದ್ದರೆ ಪವರ್ ಆ ಕೋನದ ಕೊಸೈನ್‌ನ ಘನದಷ್ಟು ಇಳಿಯುತ್ತದೆ ಅಂತ ಸರಳ ಲೆಕ್ಕ, ನಿಜದಲ್ಲಿ ಇಳಿಕೆ ಅದಕ್ಕಿಂತ ಕಡಿಮೆ, ವರ್ಗದ ಹತ್ತಿರ ಇರುವುದೂ ಉಂಟು. ವರ್ಗವೇ ಅಂತ ಇಟ್ಟುಕೊಂಡರೂ 10 ಡಿಗ್ರಿ ತಪ್ಪಿಗೆ ಶೇ. 3 ನಷ್ಟ, ಘನ ಆದರೆ ಶೇ. 4.5. 5 ಡಿಗ್ರಿಗೆ ಸುಮಾರು ಶೇ. 1. ಮೇಲಿನ ಯಾವ ಅಲ್ಗಾರಿದಮ್ ಬದಲಿಸಿದರೂ ಇಷ್ಟು ಸಿಗುವುದು ಅನುಮಾನ.

ತಪ್ಪು ಬರುವುದು ಹೇಗೆ? ದಿಕ್ಕು ತೋರಿಸುವ ವೇನ್ ಕೂಡ ರೋಟರ್‌ನ ಹಿಂದೆಯೇ ಕೂತಿದೆ, ತಿರುಚಿದ ಗಾಳಿಯನ್ನು ನೋಡುತ್ತದೆ. ಕೂರಿಸುವಾಗ ಕಣ್ಣಳತೆಯಲ್ಲಿ ನೇರ ಮಾಡಿ ಬಿಗಿದಿದ್ದರೆ ಕೆಲವು ಡಿಗ್ರಿ ಅಲ್ಲೇ ಹೋಯಿತು. ಆ ತಪ್ಪು ವರ್ಷಾನುಗಟ್ಟಲೆ ಹಾಗೇ ಇರುತ್ತದೆ, ಯಾವ ಅಲಾರ್ಮೂ ಹೊಡೆದುಕೊಳ್ಳುವುದಿಲ್ಲ. ಕೆಲವು ವಾರ ನಸೆಲ್ ಮೇಲೆ ಲೈಡಾರ್ ಕೂರಿಸಿ ನಿಜವಾದ ದಿಕ್ಕಿನ ಜೊತೆ ಹೋಲಿಸಿ, ತಪ್ಪಿನ ಸರಾಸರಿಯನ್ನು ಕಂಟ್ರೋಲರ್‌ಗೆ ಬರೆದು, ಲೈಡಾರ್ ಅನ್ನು ಮುಂದಿನ ಯಂತ್ರಕ್ಕೆ ಒಯ್ಯಬಹುದು. ಲೈಡಾರ್ ಇಲ್ಲದಿದ್ದರೆ ಯಂತ್ರದ ಅಳತೆಗಳನ್ನು ತಾನಾಗಿ ಬರೆದಿಡುವ ಎಸ್‌ಸಿಎಡಿಎ ವ್ಯವಸ್ಥೆಯ ಹಳೆಯ ದಾಖಲೆಯಿಂದಲೂ ಸುಳಿವು ಸಿಗುತ್ತದೆ: ಒಂದೇ ಗಾಳಿಯ ವೇಗಕ್ಕೆ ಪವರ್ ಗರಿಷ್ಠ ಇರುವುದು ವೇನ್ ಸೊನ್ನೆ ತೋರಿಸಿದಾಗಲೋ, ಇಲ್ಲ 6 ಡಿಗ್ರಿ ತೋರಿಸಿದಾಗಲೋ ಅಂತ ಗ್ರಾಫ್ ಹಾಕಿ ನೋಡಿ. ವೇನ್‌ನ ಜೊತೆ ಅನಿಮೋಮೀಟರ್ ಕೂಡ ಓರೆ ಗಾಳಿಗೆ ಸುಳ್ಳು ಹೇಳುವುದರಿಂದ ಇದು ಸುಳಿವು ಮಾತ್ರ, ತೀರ್ಪಲ್ಲ.

ಯಾ ಮೋಟರ್ ಅನ್ನು ಸದಾ ಓಡಿಸಿ ಪ್ರತಿ ಸಣ್ಣ ತಿರುವನ್ನೂ ಹಿಂಬಾಲಿಸುವುದು ಮಾತ್ರ ಲಾಭ ಅಲ್ಲ. ಬೇರಿಂಗ್ ಸವೆಯುತ್ತದೆ, ನಸೆಲ್ ತಿರುಗುವುದು ತುಂಬಾ ನಿಧಾನ, ತಿರುಗಿ ಮುಗಿಯುವಷ್ಟರಲ್ಲಿ ಗಾಳಿ ಹಿಂದಕ್ಕೆ ಬಂದಿರುತ್ತದೆ. ಖಾಯಂ ತಪ್ಪನ್ನು ತೆಗೆಯಿರಿ, ಚಿಲ್ಲರೆ ತಪ್ಪನ್ನು ಬಿಡಿ.

ಹತ್ತಾರು ಯಂತ್ರ ಇದ್ದರೆ

ಆಗ ಪ್ರಶ್ನೆಯೇ ಬದಲು. ಮುಂದಿನ ಯಂತ್ರ ಗಾಳಿಯ ಶಕ್ತಿ ಹೀರಿ ಹಿಂದಿನದಕ್ಕೆ ಮೆತ್ತಗಿನ, ಕಲಕಿದ ಗಾಳಿ ಕೊಡುತ್ತದೆ. ಡೆನ್ಮಾರ್ಕ್‌ನ ಸಮುದ್ರದಲ್ಲಿರುವ ಹಾರ್ನ್ಸ್ ರೆವ್ ಫಾರ್ಮ್‌ನಲ್ಲಿ ಗಾಳಿ ಸಾಲಿನ ನೇರಕ್ಕೆ ಬಂದಾಗ ಎರಡನೇ ಯಂತ್ರ ಮೊದಲಿನದಕ್ಕಿಂತ ಸುಮಾರು ಶೇ. 40 ಕಡಿಮೆ ಪವರ್ ಕೊಟ್ಟದ್ದು ದಾಖಲೆಯಲ್ಲಿದೆ, ಅದೂ ಯಂತ್ರಗಳ ನಡುವೆ ರೋಟರ್ ವ್ಯಾಸದ ಏಳು ಪಟ್ಟು ದೂರ ಇದ್ದಾಗ.

ಇದಕ್ಕೆ ವೇಕ್ ಸ್ಟಿಯರಿಂಗ್ ಅಂತ ಒಂದು ಉಪಾಯ. ಮುಂದಿನ ಯಂತ್ರವನ್ನು ಬೇಕಂತಲೇ ಗಾಳಿಗೆ ಸ್ವಲ್ಪ ಓರೆ ಮಾಡಿ, ಅದರ ಹಿಂದಿನ ಮೆತ್ತಗಿನ ಗಾಳಿ ಪಕ್ಕಕ್ಕೆ ಸರಿಯುವ ಹಾಗೆ ಮಾಡುವುದು. ಮುಂದಿನದು ಕಳೆದುಕೊಳ್ಳುತ್ತದೆ, ಹಿಂದಿನವು ಗಳಿಸುತ್ತವೆ. ಕೆನಡಾದ ಆಲ್ಬರ್ಟಾದಲ್ಲಿ ಆರು ಯಂತ್ರಗಳ ಸಾಲಿನ ಮೇಲೆ ಮಾಡಿದ ಪರೀಕ್ಷೆಯ ಫಲ 2019ರಲ್ಲಿ ಪ್ರಕಟವಾಯಿತು: ಪವರ್ ಏರಿದ್ದು ಆ ಜಾಗದ ಸರಾಸರಿ ಗಾಳಿಯಲ್ಲಿ ಶೇ. 7ರಿಂದ 13, ಮೆಲ್ಲಗಿನ ಗಾಳಿಯಲ್ಲಿ ಶೇ. 28ರಿಂದ 47. ಕೇಳಲು ಭರ್ಜರಿ. ಆದರೆ ಅದು ಗಾಳಿ ಸರಿಯಾಗಿ ಸಾಲಿನ ದಿಕ್ಕಿಗೆ ಬಂದ ಹೊತ್ತಿನ ಲೆಕ್ಕ, ಅಂಥ ಹೊತ್ತು ಬಲು ಕಡಿಮೆ, ವರ್ಷದ ಒಟ್ಟು ಶಕ್ತಿಗೆ ಹೋಲಿಸಿದರೆ ಉಳಿಯುವುದು ಅತ್ಯಲ್ಪ. 2022ರಲ್ಲಿ ಅದೇ ದಿಕ್ಕಿನ ಇನ್ನೊಂದು ಕೆಲಸ, ಭಾರತದ ಒಂದು ಫಾರ್ಮ್‌ನಲ್ಲಿ ನಡೆದದ್ದು, 6ರಿಂದ 8 ಮೀ/ಸೆ ಗಾಳಿಯಲ್ಲಿ ಸುಮಾರು ಶೇ. 3 ಏರಿಕೆ ತೋರಿಸಿತು, ಎಲ್ಲ ವೇಗಗಳನ್ನೂ ಸೇರಿಸಿದರೆ ಶೇ. 1ರ ಮೇಲೆ ಚೂರು. ನನ್ನ ಪ್ರಕಾರ ನಂಬಬೇಕಾದ ಅಳತೆ ಇದೇ. ಹೊಸ ಹಾರ್ಡ್‌ವೇರ್ ಇಲ್ಲದೆ ಬರುವ ಶೇ. 1 ಕೆಟ್ಟದ್ದೇನಲ್ಲ, ಆದರೆ ಓರೆ ನಿಂತ ಯಂತ್ರದ ಮೇಲೆ ಬೀಳುವ ಒತ್ತಡವನ್ನು ತಯಾರಕರು ಒಪ್ಪಬೇಕು. ಇನ್ನೊಂದು, ಯಾ ತಪ್ಪನ್ನು ಮೊದಲು ಸರಿ ಮಾಡದೆ ವೇಕ್ ಸ್ಟಿಯರಿಂಗ್‌ಗೆ ಕೈ ಹಾಕಿದರೆ ಅರ್ಥವಿಲ್ಲ. 6 ಡಿಗ್ರಿ ತಪ್ಪಿರುವ ವೇನ್ ಇಟ್ಟುಕೊಂಡು 15 ಡಿಗ್ರಿ ಓರೆ ಮಾಡು ಅಂದರೆ ನಿಜದಲ್ಲಿ 9 ಆಯಿತೋ 21 ಆಯಿತೋ?

ಹಾಗಾದರೆ ಯಾವುದು ತಗೊಳ್ಳಲಿ?

ಸಣ್ಣ ಬ್ಯಾಟರಿ ಯಂತ್ರ: ವೋಲ್ಟೇಜ್ ಕೋಷ್ಟಕ ಇರುವ ಗಾಳಿಯ ಕಂಟ್ರೋಲರ್, ಡಂಪ್ ಲೋಡ್. ಅಷ್ಟೇ, ಅದಕ್ಕಿಂತ ಮುಂದೆ ಯೋಚಿಸಬೇಡಿ.

ನೂರಾರು ಕಿಲೋವ್ಯಾಟ್‌ನ ಹಳೆಯ ಯಂತ್ರ, ವೇಗ ಬದಲಿಸುವ ಸೌಲಭ್ಯ ಇದೆ, ಕಂಟ್ರೋಲರ್ ತೆರೆಯಲು ಅವಕಾಶ ಇದೆ: ಟಾರ್ಕ್ ನಿಯಮವನ್ನೇ ಉಳಿಸಿ, ಸಾಂದ್ರತೆಗೆ ತಕ್ಕಂತೆ ಕೆ ಬದಲಾಗುವ ಹಾಗೆ ಮಾಡಿ, ಆಮೇಲೆ ಕೆ ಅನ್ನು ಸ್ವಲ್ಪ ತಗ್ಗಿಸಿ ಪರೀಕ್ಷಿಸಿ. ರೋಟರ್ ಒಂದೇ ವೇಗದಲ್ಲಿ ತಿರುಗಿ, ಜೋರು ಗಾಳಿಯಲ್ಲಿ ಸ್ಟಾಲ್‌ನಿಂದಲೇ ಪವರ್ ತಡೆಯುವ ಯಂತ್ರವಾದರೆ ಇದ್ಯಾವುದೂ ನಿಮಗಲ್ಲ, ರೆಕ್ಕೆ ತೊಳೆಸಿ, ರೆಕ್ಕೆ ಬಿಗಿದ ಪಿಚ್ ಕೋನ ಸರಿ ಇದೆಯಾ ನೋಡಿ, ಯಾ ನೋಡಿ.

ಕೆಲವು ಮೆಗಾವ್ಯಾಟ್‌ನ ಹೊಸ ವಿನ್ಯಾಸ: ಗಾಳಿಯ ಅಂದಾಜಿನ ಮೇಲೆ ತುದಿವೇಗದ ಅನುಪಾತ ಹಿಡಿಯುವುದು, ಮೇಲೆ ನಿಧಾನಗತಿಯ ಎಕ್ಸ್‌ಟ್ರೀಮಮ್ ಸೀಕಿಂಗ್. ತಯಾರಕರ ಪೆಟ್ಟಿಗೆಯೊಳಗೆ ಕೈ ಹಾಕಲು ಬಿಡದ ದೊಡ್ಡ ಯಂತ್ರದ ಮಾಲೀಕರಾದರೆ ನಿಮ್ಮ ಕೈಯಲ್ಲಿರುವುದು ಯಾ ತಿದ್ದುಪಡಿ ಮತ್ತು ರೆಕ್ಕೆಯ ಅಂಚಿನ ರಿಪೇರಿ, ಎರಡೂ ಅಲ್ಗಾರಿದಮ್‌ಗಿಂತ ಜಾಸ್ತಿ ಕೊಡುತ್ತವೆ. ಫಾರ್ಮ್ ಆದರೆ, ಗಾಳಿ ವರ್ಷದ ಬಹುಪಾಲು ಒಂದೆರಡು ದಿಕ್ಕಿನಿಂದಲೇ ಬರುತ್ತಿದ್ದರೆ, ಯಂತ್ರಗಳು ಹತ್ತಿರ ಹತ್ತಿರ ಇದ್ದರೆ, ಆಗ ವೇಕ್ ಸ್ಟಿಯರಿಂಗ್ ಲೆಕ್ಕ ಹಾಕಿಸಿ.

ಹಾಕಿದ ಮೇಲೆ ಲಾಭ ಬಂತಾ ಅಂತ ನೋಡುವುದೇ ಇಡೀ ಕೆಲಸದಲ್ಲಿ ಕಷ್ಟದ ಭಾಗ. ಗಾಳಿಯ ವೇಗದಲ್ಲಿ ಶೇ. 1 ತಪ್ಪಿದರೆ ಪವರ್‌ನಲ್ಲಿ ಹೆಚ್ಚುಕಡಿಮೆ ಶೇ. 3 ತಪ್ಪು. ನೀವು ಹುಡುಕುತ್ತಿರುವುದೇ ಶೇ. 1! ಹೋದ ವರ್ಷಕ್ಕೂ ಈ ವರ್ಷಕ್ಕೂ ಯೂನಿಟ್ ಹೋಲಿಸುವುದು ದಂಡ, ಗಾಳಿಯೇ ಬೇರೆ. ಪವರ್ ಕರ್ವ್ ಹೋಲಿಸುವುದೂ ಸಾಲದು, ನಸೆಲ್ ಅನಿಮೋಮೀಟರ್‌ನ ಓದು ಕಂಟ್ರೋಲರ್ ಬದಲಿಸಿದಾಗ ತಾನೂ ಬದಲಾಗುತ್ತದೆ, ರೋಟರ್ ಹಿಂದಿನ ಗಾಳಿ ಬದಲಾಯಿತಲ್ಲ. ಸರಿಯಾದ ದಾರಿ ಅಂದರೆ ಒಂದೇ ಯಂತ್ರದಲ್ಲಿ ಹಳೆಯದು ಹೊಸದು ಎರಡನ್ನೂ ಗಂಟೆಗೊಮ್ಮೆ ತಾನಾಗಿ ಬದಲಾಗುವ ಹಾಗೆ ಇಟ್ಟು ತಿಂಗಳುಗಟ್ಟಲೆ ಓಡಿಸುವುದು. ಹಗಲು ಯಾವಾಗಲೂ ಹಳೆಯದು, ರಾತ್ರಿ ಯಾವಾಗಲೂ ಹೊಸದು ಆಗದ ಹಾಗೆ ನೋಡಿಕೊಳ್ಳಿ, ಹಗಲು ರಾತ್ರಿಯ ಗಾಳಿಯ ಸ್ವಭಾವವೇ ಬೇರೆ. ಗಾಳಿಯ ಅಳತೆಗೆ ನಸೆಲ್ ಬಿಟ್ಟು ಹೊರಗಿನ ಮಾಸ್ಟ್ (ಗಾಳಿ ಅಳೆಯುವ ಕಂಬ) ಅಥವಾ ತೊಂದರೆಗೊಳಗಾಗದ ಪಕ್ಕದ ಯಂತ್ರದ ಪವರ್ ಬಳಸಿ. ಬದಲಿಸಿದ ಮೊದಲ ಕೆಲವು ನಿಮಿಷದ ದಾಖಲೆಯನ್ನು ಬಿಸಾಡಿ, ಉಳಿದದ್ದನ್ನು ಹತ್ತು ನಿಮಿಷದ ಸರಾಸರಿ ಮಾಡಿ, ಗಾಳಿಯ ವೇಗದ ಒಂದೊಂದು ಗುಂಪಿಗೂ ಬೇರೆ ಬೇರೆ ಹೋಲಿಸಿ. ಲಾಭ 8ರಿಂದ 10 ಮೀ/ಸೆ ಗುಂಪಿನಲ್ಲಿ ಕಂಡರೆ ಅದು ಕಂಟ್ರೋಲರ್‌ದು. 15 ಮೀ/ಸೆಯಲ್ಲೂ ಕಂಡರೆ ನಿಮ್ಮ ಲೆಕ್ಕದಲ್ಲಿ ಏನೋ ತಪ್ಪಿದೆ.